ಹಡಗು ಯಾರದ್ದು?

"ಹಡಗು ಯಾರದ್ದು?" ಅಂತ ಆರ್ಟಿಸ್ಟರು ಕೇಳಿದರು.

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಜಪೆಯಿಂದ ಸ್ಟೇಟ್‌ಬ್ಯಾಂಕ್ ಬಸ್ಸು ಹಿಡಿದು, ಅಲ್ಲಿಂದ ಹಳೆ ಬಂದರಿನ ಗಲ್ಲಿಗಳಲ್ಲಿ ಒಣಮೀನಿನ ವಾಸನೆ, ಮೆಣಸಿನ ಗೋಣಿಯ ಘಾಟು ದಾಟಿಕೊಂಡು ಅವರ ಹಂಚಿನ ಮನೆ ಹುಡುಕಿ ಹೋಗಿದ್ದೆವು. ಹಡಗಿನ ಚಿತ್ರವೊಂದು ಬರೆಸಬೇಕು ಅಂತ ಮಾತ್ರ ಹೇಳಿದ್ದೆವು. ಅವರು ದಕ್ಕೆಯಲ್ಲಿ ಮೀನಿನ ಬೋಟುಗಳಿಗೆ ಹೆಸರು ಬರೆಯುವವರು. ಕೇಳಿದವರಿಗೆ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಹಡಗು ಬರೆದು ಕೊಡುವವರು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಹಡಗುಗಳ ಇಂಜಿನ್ ರೂಮಿನಲ್ಲಿ ದುಡಿದು ಬಂದವರು.

"ಹಡಗು ಬರೆಸ್ಲಿಕ್ಕೆ ನನ್ನ ಹತ್ರ ಬರುವುದು ಎರಡೇ ಜಾತಿ" ಅಂದರು.

ಜಾತಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾವು ನಾಲ್ವರೂ ನೆಟ್ಟಗೆ ಕೂತೆವು. ಈ ಪ್ರಶ್ನೆ ಇಲ್ಲಿಗೂ ಬಂತಲ್ಲ ಅಂದುಕೊಂಡೆವು. ಅವರು ಹೇಳಿದ್ದು ಬೇರೆ.

"ಒಂದು, ಹಡಗಿನ ಧನಿ. ಇನ್ನೊಂದು, ಅದರಲ್ಲಿ ಕ್ಯಾಪ್ಟನ್ ಆಗಿ, ಚೀಫ್ ಇಂಜಿನಿಯರ್ ಆಗಿ ಇದ್ದು ರಿಟೈರ್ ಆದವರು. ನೀವು ಯಾವುದು?"

"ಎರಡೂ ಅಲ್ಲ ಅಣ್ಣ."

"ಹಾಗಾದ್ರೆ ನಿಮಗೆ ಹಡಗು ಎಂತಕ್ಕೆ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಿಕ್ಕೆ ನಮಗೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ಆ ಒಂದು ವರ್ಷದ ಲೆಕ್ಕ ಇದು.

ಇದು ಶುರುವಾದದ್ದು ಧೂಳು ಒರೆಸುವಲ್ಲಿಂದ. ನಮ್ಮ ಗೆಳೆಯನೊಬ್ಬ ಡಿಗ್ರಿ ಮುಗಿಸಿ, ಎಲ್ಲೂ ಕೆಲಸ ಸಿಗದೆ, ಹಡಗು ಏಜೆಂಟರೊಬ್ಬರ ಆಫೀಸಿನಲ್ಲಿ ಫೈಲು ಸಾಗಿಸುವ ಕೆಲಸಕ್ಕೆ ಸೇರಿದ್ದ. ಬೆಳಿಗ್ಗೆ ಬೇಗ ಹೋಗಿ ಮೇಜು ಕುರ್ಚಿ ಒರೆಸುವುದೂ ಅವನದೇ ಪಾಲು. ಸಾಹೇಬರ ಕುರ್ಚಿಯ ಹಿಂದೆ ಗೋಡೆಗೆ ಒಂದು ಹಡಗಿನ ಚಿತ್ರವಿತ್ತು. ಫೋಟೋ ಅಲ್ಲ, ಕೈಯಲ್ಲಿ ಬರೆದದ್ದು. ಚೌಕಟ್ಟಿಗೆ ಚಿನ್ನದ ಬಣ್ಣ. ದಿನಾ ಅದರ ಧೂಳು ಹೊಡೆಯುತ್ತ ಹೊಡೆಯುತ್ತ ಒಂದು ದಿನ ಅವನಿಗೆ ಹೊಳೆಯಿತಂತೆ. ಸಂಜೆ ಬಂದು ಹೇಳಿದ: "ಇಡೀ ಹಡಗಿನಲ್ಲಿ ಒಬ್ಬ ಮನುಷ್ಯ ಇಲ್ಲ ಮಾರಾಯ. ಅಷ್ಟು ದೊಡ್ಡ ಹಡಗು ತನ್ನಷ್ಟಕ್ಕೇ ಹೋಗ್ತಾ ಉಂಟು!"

ನಾವು ನಕ್ಕೆವು. ಆದರೆ ಆ ಮಾತು ತಲೆಯೊಳಗೆ ಕೂತುಬಿಟ್ಟಿತು.

ಅದೇ ಹೊತ್ತಿಗೆ ಏಪ್ರಿಲ್ ಬಂತು. ಬಾಬಾಸಾಹೇಬರ ಜಯಂತಿಗೆ ನಮ್ಮ ಕಾಲನಿಯಲ್ಲಿ ಪ್ರತಿವರ್ಷ ನಡೆಯುವುದು ಒಂದೇ ರೀತಿ. ಒಂದು ಫ್ಲೆಕ್ಸು, ಒಂದು ಹಾರ, ಒಂದು ಭಾಷಣ, ಮಕ್ಕಳಿಗೆ ಪಾಯಸ. ಫ್ಲೆಕ್ಸು ಮಳೆ ಬಂದಾಗ ಯಾರದೋ ಕೊಟ್ಟಿಗೆಯ ಮಾಡಿಗೆ ಹೋಗುತ್ತದೆ. ಭವನದ ದೊಡ್ಡ ಗೋಡೆ ಮಾತ್ರ ಹಾಗೇ ಬೋಳಾಗಿ ನಿಂತಿರುತ್ತದೆ. ಈ ಸಲದ ಮೀಟಿಂಗಿನಲ್ಲಿ ಗೋಡೆಗೆ ಖಾಯಂ ಏನಾದರೂ ಮಾಡಿಸೋಣ ಎಂಬ ಮಾತು ಬಂದಾಗ ಧೂಳು ಹೊಡೆಯುವ ಗೆಳೆಯ ಎದ್ದು ನಿಂತು ಹೇಳಿದ: "ಬಾಬಾಸಾಹೇಬರು ಹೋದ ಹಡಗು ಬರೆಸುವ."

ಹಡಗು ಅಂದರೆ ನಮಗೆ ಹೊಸತಲ್ಲ. ಹೊಸತಲ್ಲ ಅಂದರೆ ನಮ್ಮದೆಂದಲ್ಲ. ನಮ್ಮ ಅಜ್ಜಂದಿರಲ್ಲಿ ಕೆಲವರು ಹಳೆ ಬಂದರಿನಲ್ಲಿ ಹಂಚು ಹೊತ್ತವರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಸಮುದ್ರದ ಮೇಲೆಯೇ ಊರೂರಿಗೆ ಹೋಯಿತು. ಆಗ ದೊಡ್ಡ ಹಡಗುಗಳು ಬಂದರಿನ ಒಳಗೆ ಬರುತ್ತಿರಲಿಲ್ಲ. ಅಳಿವೆಯ ಹೊರಗೆ ದೂರ ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ಹಂಚು, ಗೋಣಿ ಎಲ್ಲ ಮಂಜಿಗಳಲ್ಲಿ ಅಲ್ಲಿಗೆ ಹೋಗಬೇಕು. ಅಜ್ಜ ತಲೆಯ ಮೇಲೆ ಹೊತ್ತದ್ದು ಮಂಜಿಯವರೆಗೆ ಮಾತ್ರ. ತಾನು ತುಂಬಿಸಿದ ಹಡಗನ್ನು ಅಜ್ಜ ಕಂಡದ್ದು ದೂರದಲ್ಲೊಂದು ಕಪ್ಪು ಗೆರೆಯಾಗಿ!

ಆಮೇಲೆ ಹಡಗು ಹತ್ತಿರ ಬಂತು. ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಕಟ್ಟಿದರು. 1974ರಲ್ಲಿ ಅದು ದೇಶದ ಒಂಬತ್ತನೆಯ ಮಹಾಬಂದರು ಅನ್ನಿಸಿಕೊಂಡಿತು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟಿಸಿದರು. ಹಡಗಿಗೆ ಜಾಗ ಮಾಡಲಿಕ್ಕೆ ಅಲ್ಲಿದ್ದವರನ್ನು ಎಬ್ಬಿಸಿ ಕಾಟಿಪಳ್ಳ, ಕೃಷ್ಣಾಪುರದ ಗುಡ್ಡಗಳ ಮೇಲೆ ಕೂರಿಸಿದರು. 2000ದ ನಂತರ ವಿಶೇಷ ಆರ್ಥಿಕ ವಲಯ ಬಂದಾಗ ಕಳವಾರು, ಪೆರ್ಮುದೆ, ನಮ್ಮ ಬಜಪೆ ಇಲ್ಲೆಲ್ಲ ಮತ್ತೆ ಅದೇ ಕತೆ. ಜಾಗ ಇದ್ದವರಿಗೆ ಪರಿಹಾರದ ಮಾತಾದರೂ ಇತ್ತು. ಧನಿಗಳ ಜಾಗದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ಯಾವ ಕಾಗದ? ಯಾವ ಪರಿಹಾರ?

ಇನ್ನು ವಿಮಾನ. 1951ರ ಡಿಸೆಂಬರ್ 25ರಂದು ನೆಹರೂ ಬಜಪೆಯ ಗುಡ್ಡದ ಮೇಲೆ ಇಳಿದರು. ಅಂದಿನಿಂದ ನಮ್ಮ ಮಕ್ಕಳು ವಿಮಾನದ ಹೊಟ್ಟೆ ನೋಡಿಕೊಂಡೇ ಬೆಳೆದವರು. ಬೆನ್ನು ನೋಡಿದವರು ಕಡಿಮೆ. ಹಡಗಾಗಲಿ ವಿಮಾನವಾಗಲಿ, ನಾವು ಅದರ ಕೆಳಗೆ, ಇಲ್ಲವೇ ದೂರ. ಇದಿಷ್ಟೂ ಗೊತ್ತಿದ್ದೇ ನಾವು ಹಡಗು ಬರೆಸಲಿಕ್ಕೆ ಹೊರಟದ್ದು. ಎಂತಕ್ಕೆ ಎಂದು ಕೇಳಿದರೆ ಬಾಯಿ ಕಟ್ಟಿದ್ದೂ ಅದಕ್ಕೇ.

ಬಾಯಿ ಕಟ್ಟಿದವರು ಪುಸ್ತಕ ತೆರೆದೆವು. ಹಡಗಿನ ಚಿತ್ರವನ್ನು ಯಾರು ಯಾರಿಂದ ಬರೆಸಿದರು ಅಂತ ಹುಡುಕಿದೆವು.

ಆರ್ಟಿಸ್ಟರು ಹೇಳಿದ್ದು ನಿಜವೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಪಂಚದ ದೊಡ್ಡ ಬಂದರುಗಳಲ್ಲೆಲ್ಲ ಹಡಗು ಬರೆಯುವವರು ಇದ್ದರು. ಹಡಗು ಬಂದು ನಿಂತ ಕೂಡಲೆ ಹೋಗಿ ಆರ್ಡರು ಹಿಡಿಯುವುದು, ಅದು ಹೊರಡುವ ಮೊದಲು ಬರೆದು ಮುಗಿಸುವುದು. ನಮ್ಮ ಕಲ್ಕತ್ತೆಯಲ್ಲಿ ಲೈ ಫಾಂಗ್ ಎಂಬ ಚೀನೀ ಚಿತ್ರಕಾರ ಇದ್ದ. ಅಲ್ಲಿಗೆ ಬಂದ ಹಾಯಿಹಡಗುಗಳ ಚಿತ್ರವನ್ನು ಕ್ಯಾಪ್ಟನ್‌ಗಳಿಗೆ ಬರೆದು ಕೊಡುವುದೇ ಅವನ ಕಸುಬು. ಅಮೆರಿಕದಲ್ಲಿ ನ್ಯೂಯಾರ್ಕಿನ ಎದುರು ದಡದ ವೆಸ್ಟ್ ಹೋಬೋಕನ್ನಿನಲ್ಲಿ ಆಂಟೋನಿಯೋ ಜೇಕಬ್‌ಸೆನ್ ಎಂಬ ಡೆನ್ಮಾರ್ಕಿನಿಂದ ಬಂದವನು 1921ರಲ್ಲಿ ಸಾಯುವವರೆಗೆ ಸಾವಿರಾರು ಹಡಗು ಬರೆದ. ಇಂಥ ಚಿತ್ರಗಳಿಗೆ ಒಂದು ಕಟ್ಟಳೆ ಇತ್ತು. ಹಡಗು ಪಕ್ಕದಿಂದ ಪೂರ್ತಿ ಕಾಣಬೇಕು. ಹೆಸರು ಓದಲಿಕ್ಕೆ ಬರಬೇಕು. ಬಾವುಟ ಬಿಚ್ಚಿರಬೇಕು. ಒಂದು ಹಗ್ಗ ತಪ್ಪಿದರೂ ಕ್ಯಾಪ್ಟನ್ ದುಡ್ಡು ಕೊಡುವುದಿಲ್ಲ. ಹಗ್ಗ ಎಳೆಯುವವನು ತಪ್ಪಿಹೋದರೆ ಯಾರೂ ಕೇಳುವುದಿಲ್ಲ!

ಹಾಗಾದರೆ ಹಡಗಿನ ಒಳಗಿದ್ದವರನ್ನು ಯಾರೂ ಬರೆಸಲಿಲ್ಲವೇ? ಬರೆಸಿದರು. 1788-89ರಲ್ಲಿ ಇಂಗ್ಲೆಂಡಿನಲ್ಲಿ ಗುಲಾಮಗಿರಿಯ ವಿರುದ್ಧ ನಿಂತವರು 'ಬ್ರೂಕ್ಸ್' ಎಂಬ ಗುಲಾಮರ ಹಡಗಿನ ನಕ್ಷೆ ಮಾಡಿಸಿ ಅಚ್ಚು ಹಾಕಿಸಿದರು. ಅದರಲ್ಲಿ ಹಾಯಿಯಿಲ್ಲ, ಅಲೆಯಿಲ್ಲ, ಆಕಾಶವಿಲ್ಲ. ಹಡಗಿನ ಹೊಟ್ಟೆ ಕತ್ತರಿಸಿ ತೋರಿಸಿದ ಹಾಗೆ, ಕಪ್ಪು ಜನರು ಸಾಲುಸಾಲಾಗಿ, ಒಬ್ಬರಿಗೊಬ್ಬರು ತಾಗಿಕೊಂಡು ಮಲಗಿರುವುದು ಮಾತ್ರ. 400ಕ್ಕೂ ಹೆಚ್ಚು ಮನುಷ್ಯರು. ಆ ಹಾಳೆ ಮನೆಮನೆಯ ಗೋಡೆಗೆ ಹೋಯಿತು. 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮರ ವ್ಯಾಪಾರ ನಿಲ್ಲಿಸುವ ಕಾನೂನು ಮಾಡಿತು. ಅದು ಒಂದು ಹಾಳೆಯಿಂದ ಆದದ್ದಲ್ಲ, ನಿಜ. ಆದರೆ ಆ ಹಾಳೆ ಇಲ್ಲದೆಯೂ ಆಗಲಿಲ್ಲ.

ಇಷ್ಟು ತಿಳಿದ ಮೇಲೆ ನಮಗೆ ಒಂದು ದಾರಿ ಕಂಡಿತು. ಹಡಗನ್ನು ಹೊರಗಿನಿಂದ ಬರೆಸಿದವರು ಅದರ ಒಡೆಯರು. ಒಳಗಿನಿಂದ ಬರೆಸಿದವರು ಹೋರಾಟದವರು. ನಮ್ಮದು ಎರಡನೆಯ ದಾರಿ ಅಂತ ಎದೆಯುಬ್ಬಿಸಿ ಹೇಳಿಕೊಂಡೆವು. ಹೇಳಿಕೊಳ್ಳುವುದು ಸುಲಭ.

ಯಾವ ಹಡಗು? ಜಗಳ ಅಲ್ಲಿಂದಲೇ ಶುರು.

ನಮ್ಮಲ್ಲಿ ಓದುತ್ತಿರುವ ಹುಡುಗರೆಲ್ಲ 1913ರ ಹಡಗು ಬೇಕು ಅಂದರು. ಬರೋಡಾದ ಸಯಾಜಿರಾವ್ ಮಹಾರಾಜರ ಸ್ಕಾಲರ್‌ಶಿಪ್ ಹಿಡಿದುಕೊಂಡು ಇಪ್ಪತ್ತೆರಡರ ಹುಡುಗ ಅಂಬೇಡ್ಕರ್ ಆ ಜುಲೈಯಲ್ಲಿ ನ್ಯೂಯಾರ್ಕಿಗೆ ಹೋಗಿ ಇಳಿದದ್ದು 'ಆಂಕೋನಾ' ಎಂಬ ಇಟಲಿಯ ಹಡಗಿನಲ್ಲಿ. ಎರಡೇ ವರ್ಷದಲ್ಲಿ, 1915ರ ನವೆಂಬರಿನಲ್ಲಿ, ಅದು ಮೆಡಿಟರೇನಿಯನ್ ಸಮುದ್ರದಲ್ಲಿ ಜಲಾಂತರ್ಗಾಮಿಯ ದಾಳಿಗೆ ಮುಳುಗಿತು.

ಪದ್ಯ ಬರೆಯುವವರಿಗೆ ಬೇರೆ ಹಡಗಿನ ಮೇಲೆ ಮನಸ್ಸು. 1917ರಲ್ಲಿ ಬಾಬಾಸಾಹೇಬರು 'ಕೈಸರ್-ಇ-ಹಿಂದ್' ಹಡಗಿನಲ್ಲಿ ಹಿಂತಿರುಗಿದರು. ಅವರ ಪುಸ್ತಕಗಳು ಇನ್ನೊಂದು ಹಡಗಿನಲ್ಲಿ ಬರುತ್ತಿದ್ದವು. ಮೊದಲನೇ ಮಹಾಯುದ್ಧದ ಕಾಲ. ಜರ್ಮನರ ಟಾರ್ಪಿಡೋ ತಾಗಿ ಆ ಹಡಗು ಪುಸ್ತಕ ಸಮೇತ ಮುಳುಗಿತು. ಹೊಟ್ಟೆಗೆ ಕಟ್ಟಿ ಕೊಂಡ ಪುಸ್ತಕಗಳು! ಹೋದ ಸಾಮಾನಿಗೆ ಸಿಕ್ಕಿದ 600 ರೂಪಾಯಿ ಪರಿಹಾರದಲ್ಲಿ ಅವರು ಬರೋಡಾದ ಕೆಲಸಕ್ಕೆ ಹೋದರು. ಅಲ್ಲಿ ಉಳಿದುಕೊಳ್ಳಲಿಕ್ಕೆ ಒಂದು ಕೋಣೆ ಸಿಗಲಿಲ್ಲ. ಹೆಸರು ಬದಲಿಸಿ ಪಾರ್ಸಿ ಛತ್ರದಲ್ಲಿ ಇದ್ದವರನ್ನು ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಸಮುದ್ರದಲ್ಲಿ ಪುಸ್ತಕ ಹೋಯಿತು, ನೆಲದಲ್ಲಿ ಮನೆ ಹೋಯಿತು. ಆದರೆ ಮುಳುಗುವ ಹಡಗನ್ನು ಮಕ್ಕಳ ಎದುರು ತೂಗು ಹಾಕುವುದೇ? ಹೆಂಗಸರು ಬೇಡವೇ ಬೇಡ ಅಂದರು.

ಕೊನೆಗೆ ಎಲ್ಲರೂ ಬಂದು ನಿಂತದ್ದು 1930ಕ್ಕೆ. ಅಕ್ಟೋಬರ್ 4ರಂದು ಬಾಬಾಸಾಹೇಬರು ದುಂಡುಮೇಜಿನ ಪರಿಷತ್ತಿಗೆ ಮುಂಬಯಿಯಿಂದ ಲಂಡನ್ನಿಗೆ ಹೊರಟರು. ಅವರು ಮತ್ತು ಮದರಾಸಿನ ರೆಟ್ಟಮಲೈ ಶ್ರೀನಿವಾಸನ್, ಇಬ್ಬರೇ ನಮ್ಮ ಕೋಟಿಗಟ್ಟಲೆ ಜನರ ಬಾಯಿ. ಅಲ್ಲಿ ಬಾಬಾಸಾಹೇಬರು ಕೇಳಿದ್ದು ನೇರ ಪ್ರಶ್ನೆ. ನೀವು ಬರುವ ಮೊದಲು ಊರ ಬಾವಿಯ ನೀರು ನಮಗಿರಲಿಲ್ಲ, ನೀವು ಬಂದ ಮೇಲೆ ಕೊಡಿಸಿದಿರಾ? ಈ ಪ್ರಶ್ನೆಯನ್ನು ಹೊತ್ತುಕೊಂಡು ಹೋದ ಹಡಗಿನ ಹೆಸರು ಕೇಳಿ ಗೆಳೆಯರೇ: 'ವೈಸ್‌ರಾಯ್ ಆಫ್ ಇಂಡಿಯಾ'! ಆಳುವವನ ಹೆಸರಿನ ಹಡಗಿನಲ್ಲಿ ಕೂತು, ಆಳಿದ್ದು ಸಾಕೇ ಅಂತ ಕೇಳಲಿಕ್ಕೆ ಹೋದದ್ದು. ಇದೇ ಆಗಲಿ ಅಂತ ತೀರ್ಮಾನವಾಯಿತು.

ಸಮುದ್ರ ದಾಟಿದರೆ ಜಾತಿ ಹೋಗುತ್ತದೆ ಅಂತ ಮೇಲುಜಾತಿಯವರು ಹೆದರುತ್ತಿದ್ದ ಕಾಲವೊಂದಿತ್ತು. ಹೋಗಿ ಬಂದವರು ಗಂಜಲ ಕುಡಿದು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಿತ್ತು. ಮೀಟಿಂಗಿನಲ್ಲಿ ಈ ಮಾತು ಬಂದಾಗ ಹಿಂದಿನ ಸಾಲಿನಿಂದ ಒಬ್ಬರು ಅಂದರು: "ಅಷ್ಟು ಸುಲಭಕ್ಕೆ ಹೋಗುದಾದ್ರೆ ನಾವು ಈಜಿಯಾದ್ರೂ ದಾಟ್ತಿದ್ದೆವು."

ಮಳೆ ಬಿಡುವ ಹೊತ್ತಿಗೆ ಮತ್ತೆ ಆರ್ಟಿಸ್ಟರ ಮನೆಗೆ ಹೋದೆವು. ಈ ಸಲ ಹೆಸರು ಹೇಳಿದೆವು. ಅವರ ಮುಖ ಬೇರೆಯೇ ಆಯಿತು.

"ಪಿ ಆಂಡ್ ಓ ಕಂಪೆನಿಯದ್ದು. ಗ್ಲಾಸ್ಗೋದಲ್ಲಿ ಕಟ್ಟಿದ್ದು, 1929. ಹಬೆಯಿಂದ ಕರೆಂಟು ಮಾಡಿ, ಆ ಕರೆಂಟಲ್ಲಿ ಓಡಿದ ಹಡಗು. ಆ ಕಾಲಕ್ಕೆ ಭಾರಿ ಹೊಸತು" ಅಂದರು. ಇಂಜಿನಿನ ಮಾತು ಬಂದರೆ ಅವರನ್ನು ನಿಲ್ಲಿಸಲಿಕ್ಕಾಗದು. ಹಳೆಯ ಫೋಟೋಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಅದೂ ಸಮುದ್ರದ ತಳದಲ್ಲೇ ಉಂಟಂತೆ. 1942ರ ನವೆಂಬರಿನಲ್ಲಿ ಅಲ್ಜೀರಿಯಾದ ಹತ್ತಿರ ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು.

ಆಮೇಲೆ ಅವರ ಪ್ರಶ್ನೆಗಳು ಒಂದರ ಮೇಲೊಂದು. ನಾವು ಚಿತ್ರ ಬರೆಸುವುದೆಂದರೆ ದುಡ್ಡು ಕೊಟ್ಟು ಬರುವುದು ಅಂದುಕೊಂಡಿದ್ದೆವು. ಉತ್ತರ ಕೊಡಬೇಕು ಅಂತ ಗೊತ್ತಿರಲಿಲ್ಲ. ಹಡಗಿನ ಮುಖ ಯಾವ ಕಡೆ?

"ಲಂಡನ್ನಿಗೆ ಹೋಗುದಲ್ವಾ, ಮ್ಯಾಪಿನಲ್ಲಿ ಪಶ್ಚಿಮ ಎಡಕ್ಕೆ. ಎಡಕ್ಕೇ ಇರ್ಲಿ" ಅಂದೆವು. ನಮ್ಮಲ್ಲೊಬ್ಬ, "ಎಡಕ್ಕೇ ಇರ್ಲಿ, ಎಡಕ್ಕೇ ಇರ್ಲಿ" ಅಂತ ಎರಡು ಸಲ ಒತ್ತಿ ಹೇಳಿ ನಗಿಸಿದ.

ಬಣ್ಣ? "ನೀಲಿ" ಅಂತ ನಾಲ್ಕೂ ಬಾಯಿ ಒಟ್ಟಿಗೆ ಹೇಳಿದವು. ಆರ್ಟಿಸ್ಟರು ತಲೆಯಾಡಿಸಿದರು. 1930ರಲ್ಲಿ ಆ ಹಡಗಿನ ಮೈ ಕಪ್ಪು. ಮೇಲಿನ ಅಂತಸ್ತು ಮರಳುಗಲ್ಲಿನ ಬಣ್ಣ. ಎರಡು ಹೊಗೆಕೊಳವೆ, ಎರಡೂ ಕಪ್ಪು. "ನಿಮಗೆ ನೀಲಿ ಬೇಕಾದ್ರೆ ಸಮುದ್ರ ಉಂಟು, ಆಕಾಶ ಉಂಟು. ಎಷ್ಟು ಬೇಕಾದ್ರೂ ತಕೊಳ್ಳಿ. ಹಡಗು ಮಾತ್ರ ಕಪ್ಪೇ." ಕಪ್ಪು ಅಂದರೆ ನಮಗೇನು ಬೇಸರವೇ? ಒಪ್ಪಿದೆವು.

ಬಾವುಟ? ಹಿಂದೆ ಬ್ರಿಟಿಷ್ ವ್ಯಾಪಾರಿ ಹಡಗಿನ ಕೆಂಪು ಬಾವುಟ ಇರಲೇಬೇಕು ಅಂದರು. ಇದ್ದದ್ದನ್ನು ಅಳಿಸಿದರೆ ಪ್ರಶ್ನೆ ಕೇಳಿದ್ದು ಯಾರಿಗೆ ಅಂತ ಗೊತ್ತಾಗುವುದಿಲ್ಲ. ಅದೂ ಸರಿ. ಹೊಗೆ ಯಾವ ಕಡೆ ಹೋಗುತ್ತದೋ ಬಾವುಟವೂ ಆ ಕಡೆಗೇ ಹಾರಬೇಕು, ಅಲೆಯೂ ಆ ಗಾಳಿಗೆ ಒಪ್ಪಬೇಕು, ಇಲ್ಲದಿದ್ದರೆ ದಕ್ಕೆಯ ಮಕ್ಕಳೂ ನಗುತ್ತಾರೆ ಅಂತ ಹೇಳಿದರು.

ಕ್ಯಾನ್ವಾಸು ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಎತ್ತರ. ರೇಟು 28,000 ರೂಪಾಯಿ. ಅರ್ಧ ಮುಂಗಡ. ಬೆಲೆ ಕೇಳಿ ನಮ್ಮ ಗಂಟಲು ಒಣಗಿತು. ಆದರೂ ಚೌಕಾಸಿ ಮಾಡಲಿಲ್ಲ. ಕೈಕೆಲಸದವನ ಕೂಲಿ ಕಡಿದು ನಮ್ಮ ಅಜ್ಜಂದಿರನ್ನು ಸಾಯಿಸಿದ್ದು ಸಾಲದೇ?

ಕೊನೆಗೆ ನಾವೇ ಕೇಳಿದೆವು: "ಅಣ್ಣ, ಬಾಬಾಸಾಹೇಬರು ಡೆಕ್ಕಿನ ಮೇಲೆ ನಿಂತಿರಬೇಕು."

ಆರ್ಟಿಸ್ಟರು ಪೆನ್ಸಿಲು ತೆಗೆದು ಹಳೆ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದರು. ಹಡಗು 612 ಅಡಿ. ಕ್ಯಾನ್ವಾಸಿನಲ್ಲಿ ಅದಕ್ಕೆ ಸಿಗುವುದು ಮೂರು ಅಡಿ. ಎಂದರೆ 204 ಅಡಿಗೆ ಒಂದು ಅಡಿ. ಐದೂವರೆ ಅಡಿಯ ಮನುಷ್ಯ ಎಷ್ಟಾಗುತ್ತಾನೆ? ಒಂದು ಇಂಚಿನ ಮೂರರಲ್ಲಿ ಒಂದು ಪಾಲು. ಎದ್ದು ಒಳಗೆ ಹೋಗಿ ಅಡಿಗೆಮನೆಯಿಂದ ಒಂದು ಕುಚ್ಚಲಕ್ಕಿ ಕಾಳು ತಂದು ಮೇಜಿನ ಮೇಲೆ ಇಟ್ಟರು.

"ಇಷ್ಟು."

ಆ ಅಕ್ಕಿಕಾಳನ್ನು ಕಾಗದದಲ್ಲಿ ಸುತ್ತಿ ಬಜಪೆಗೆ ತಂದೆವು. ಮೀಟಿಂಗಿನಲ್ಲಿ ಬಿಚ್ಚಿ ತೋರಿಸಿದೆವು.

ನಮ್ಮ ಸಂಘದ ಹಿರಿಯರೊಬ್ಬರು ಕುರ್ಚಿ ಬಿಟ್ಟು ಎದ್ದೇಬಿಟ್ಟರು. "ಬಾಬಾಸಾಹೇಬರನ್ನು ಅಕ್ಕಿಕಾಳು ಮಾಡ್ಲಿಕ್ಕೆ ನಾವು ದುಡ್ಡು ಕೊಡುದಾ? ನಮ್ಮನ್ನು ಸಣ್ಣ ಮಾಡ್ಲಿಕ್ಕೆ ಊರಲ್ಲಿ ಜನ ಕಡಿಮೆ ಇದ್ದಾರಾ?" ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಊರ ನಡುವೆ ಬೆರಳೆತ್ತಿ ನಿಂತ ಒಂದು ಪ್ರತಿಮೆ ನಮ್ಮ ಜನರ ಬೆನ್ನನ್ನು ಎಷ್ಟು ನೆಟ್ಟಗೆ ಮಾಡಿದೆ ಅಂತ ಕಂಡವರು ನಾವು. ದೊಡ್ಡದಾಗಿ ನಿಲ್ಲಿಸುವುದೂ ಒಂದು ಹೋರಾಟವೇ. ಹಡಗನ್ನು ಹಿಂದೆ ಸಣ್ಣದು ಮಾಡಿ ಮುಂದೆ ಬಾಬಾಸಾಹೇಬರನ್ನು ದೊಡ್ಡದಾಗಿ ಬರೆಸಿ ಅಂತ ಅವರ ವಾದ.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಗ ಬಾಗಿಲ ಹತ್ತಿರ ಕೂತಿದ್ದ ದೊಡ್ಡಮ್ಮ ಬಾಯಿ ತೆರೆದರು. ದೊಡ್ಡಮ್ಮ ಜೀವಮಾನ ಪೂರ್ತಿ ಗುತ್ತಿಗೆಯಲ್ಲಿ ಕಕ್ಕಸು ತೊಳೆದವರು. ಚಿತ್ರಕ್ಕೆ ಮೊದಲ 500 ರೂಪಾಯಿ ಕೊಟ್ಟವರೂ ಅವರೇ.

"ಮಕ್ಕಳೇ, ಆ ಹಡಗಲ್ಲಿ ಕಕ್ಕಸು ಯಾರು ತೊಳಿತಿದ್ದದ್ದು?"

ಭವನ ಗಪ್ಪಾಯಿತು. ಡಿಗ್ರಿ ಮಾಡಿದವರು ಏಳು ಜನ ಅಲ್ಲಿದ್ದೆವು. ಮೂರು ತಿಂಗಳು ಹಡಗಿನ ಬಣ್ಣ, ಉದ್ದ, ಹೆಸರು, ಬಾವುಟ ಎಲ್ಲ ಹುಡುಕಿದ್ದೆವು. ಈ ಪ್ರಶ್ನೆ ಒಬ್ಬರ ತಲೆಗೂ ಬಂದಿರಲಿಲ್ಲ. ಹಡಗಿನ ಒಳಗಿನಿಂದ ಬರೆಸುವವರು ನಾವು ಅಂತ ಎದೆಯುಬ್ಬಿಸಿದವರ ಎದೆ ಇಳಿದುಹೋಯಿತು.

ಮತ್ತೆ ಹುಡುಕಿದೆವು. ಸಿಕ್ಕಿತು. ಬ್ರಿಟಿಷ್ ಕಂಪೆನಿಗಳ ಹಡಗುಗಳಲ್ಲಿ ಕೂಲಿ ಕೆಲಸಕ್ಕೆ ನಮ್ಮ ದೇಶದ ಖಲಾಸಿಗಳನ್ನೇ ಕಡಿಮೆ ಸಂಬಳಕ್ಕೆ ಹಿಡಿಯುತ್ತಿದ್ದರು. ಅವರ ಮೇಲೆ ಸೆರಾಂಗ್, ಅವನ ಕೆಳಗೆ ಟಿಂಡಾಲ್, ಅಡಿಗೆಗೆ ಭಂಡಾರಿ. ಎಲ್ಲರಿಗಿಂತ ಕೆಳಗೆ ಒಬ್ಬ. ಅವನ ಹೆಸರು ಟೋಪಾಸ್. ಗುಡಿಸುವುದು, ಕಕ್ಕಸು ತೊಳೆಯುವುದು ಅವನ ಕೆಲಸ. 1886ರಲ್ಲಿ ಅಚ್ಚಾದ 'ಹಾಬ್ಸನ್-ಜಾಬ್ಸನ್' ಎಂಬ ಇಂಗ್ಲಿಷರ ನಿಘಂಟಿನಲ್ಲೂ ಹಡಗಿನ ಟೋಪಾಸ್ ಎಂದರೆ ಗುಡಿಸುವವನು ಅಂತಲೇ ಇದೆ. ದಡದಲ್ಲಿ ಆ ಕೆಲಸಕ್ಕೆ ಕಟ್ಟುಬಿದ್ದ ಜಾತಿಗಳ ಜನರೇ ಸಮುದ್ರದ ಮೇಲೂ ಹೆಚ್ಚಾಗಿ ಅದಕ್ಕೆ ಸೇರುತ್ತಿದ್ದರು. ಸಮುದ್ರ ದಾಟಿದರೆ ಜಾತಿ ಹೋಗುತ್ತದಂತೆ! ಹೋಗುವುದೆಲ್ಲಿಗೆ? ಪೊರಕೆ ಹಿಡಿದುಕೊಂಡು ಹಡಗಿನೊಳಗೇ ಬಂದು ಕೂತಿತ್ತು.

ಮುಂದಿನ ಮೀಟಿಂಗಿನಲ್ಲಿ ದೊಡ್ಡಮ್ಮನ ಮಾತಿನಂತೆ ಸೂಚನೆ ಮಂಡಿಸಿದೆವು. ಚಿತ್ರದಲ್ಲಿ ಇಬ್ಬರು ಇರಬೇಕು. ಮುಂದೆ ಮೇಲಿನ ಡೆಕ್ಕಿನಲ್ಲಿ ಬಾಬಾಸಾಹೇಬರು. ಹಿಂದೆ ಕೆಳಗಿನ ಡೆಕ್ಕಿನಲ್ಲಿ ಟೋಪಾಸ್. ಇಬ್ಬರೂ ಒಂದೇ ಅಳತೆ, ಅಕ್ಕಿಕಾಳಿನಷ್ಟು. ಹಿರಿಯರು ಒಪ್ಪಲಿಲ್ಲ. "ಅವರು ಯಾರು, ಇವನು ಯಾರು?" ಅಂದರು. ದೊಡ್ಡಮ್ಮ ತಣ್ಣಗೆ ಕೇಳಿದರು: "ಅವರು ಲಂಡನ್ನಿಗೆ ಹೋದದ್ದು ಇವನಿಗಾಗಿ ಅಲ್ವಾ?" ಕೈ ಎತ್ತಿಸಿದೆವು. ಹದಿನೇಳು ಕೈ ಎದ್ದವು. ಹನ್ನೊಂದು ಏಳಲಿಲ್ಲ. ಹನ್ನೊಂದು ಸಣ್ಣ ಸಂಖ್ಯೆಯಲ್ಲ. ಅದನ್ನೂ ಇಲ್ಲಿ ಬರೆದಿಡುವುದು ನಮ್ಮ ಕರ್ತವ್ಯ.

ಆರ್ಟಿಸ್ಟರಿಗೆ ಇದನ್ನು ಹೇಳಿದಾಗ ಅವರು ಕೂಡಲೆ ಹೂಂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಹಡಗು ಹೊರಡುವ ಹೊತ್ತಿಗೆ ಅಂಥವ ಹೊರಗೆ ಬರುವುದಿಲ್ಲ. ಪ್ಯಾಸೆಂಜರ್ ಕಣ್ಣಿಗೆ ಬೀಳಬಾರದು, ಹಾಗೆ ಕಟ್ಟಳೆ. ಒಳಗೇ ಇರ್ತಾನೆ. ಹೊರಗಿಂದ ನೋಡುವವನಿಗೆ ಕಾಣುವುದಿಲ್ಲ" ಅಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಅಂದರು: "ನಾನು ಕೆಲಸ ಮಾಡಿದ ಹಡಗೆಲ್ಲ ನಾನೇ ಬರೆದಿದ್ದೇನೆ. ಒಂದರಲ್ಲೂ ನಾನಿಲ್ಲ. ನಾನು ಕೆಳಗೆ ಇಂಜಿನ್ ರೂಮಲ್ಲಿ ಇದ್ದೆ ಅಲ್ವಾ, ಹೇಗೆ ಕಾಣುದು?"

ನಾವು ಏನೂ ಹೇಳಲಿಲ್ಲ. ಅವರೇ ದಾರಿ ಹುಡುಕಿದರು. ಹಿಂಭಾಗದ ತಗ್ಗಿನ ಡೆಕ್ಕಿನಲ್ಲಿ ಬಕೆಟ್ಟಿನ ನೀರು ಸಮುದ್ರಕ್ಕೆ ಚೆಲ್ಲಲಿಕ್ಕೆ ಬಂದಿದ್ದಾನೆ, ಬಗ್ಗಿದವನು ಆಗಷ್ಟೇ ಬೆನ್ನು ನೆಟ್ಟಗೆ ಮಾಡಿದ್ದಾನೆ. ಹಾಗೆ ಬರೆದರೆ ಸುಳ್ಳಾಗುವುದಿಲ್ಲ ಅಂದರು. ಆ ಮನುಷ್ಯ ನಮ್ಮ ಕಲ್ಪನೆ. ಆ ಕೆಲಸ ಕಲ್ಪನೆಯಲ್ಲ.

ಮಾರ್ಚಿನಲ್ಲಿ ಚಿತ್ರ ಮುಗಿಯಿತು. ಬಾಡಿಗೆ ಟೆಂಪೋದಲ್ಲಿ ಹಾಸಿಗೆಗಳ ನಡುವೆ ಇಟ್ಟು ಬಜಪೆಗೆ ತಂದೆವು. ಏಪ್ರಿಲ್ 14ರಂದು ಭವನದ ಗೋಡೆಗೆ ಹಾಕಿದೆವು. ಕಪ್ಪು ಹಡಗು ಎಡಕ್ಕೆ ಮುಖ ಮಾಡಿ ಹೋಗುತ್ತಿದೆ. ಮಳೆಗಾಲ ಮುಗಿದ ಅಕ್ಟೋಬರಿನ ಸಮುದ್ರ, ನಾವು ಕೇಳಿದಷ್ಟೂ ನೀಲಿ. ಹೊಗೆ, ಬಾವುಟ, ಅಲೆ ಮೂರೂ ಒಂದೇ ಗಾಳಿಗೆ. ಹತ್ತಿರ ಹೋಗಿ ನೋಡಿದರೆ ಮೇಲೆ ಒಂದು ಅಕ್ಕಿಕಾಳು, ಹಿಂದೆ ಒಂದು ಅಕ್ಕಿಕಾಳು. ನಡುವೆ ಮೂರು ಅಡಿ ಕಪ್ಪು ಕಬ್ಬಿಣ.

ಹಿರಿಯರು ಬರುವುದಿಲ್ಲ ಅಂದುಕೊಂಡಿದ್ದೆವು. ಬಂದರು. ತುಂಬಾ ಹೊತ್ತು ನಿಂತು ನೋಡಿದರು. "ಎಲ್ಲಿ?" ಅಂದರು. ತೋರಿಸಿದೆವು. "ಕನ್ನಡಕ ತರ್ಬೇಕಿತ್ತು" ಅಂದರು. ಚಿತ್ರ ತಪ್ಪು ಅಂತ ಅವರು ಈಗಲೂ ಹೇಳುತ್ತಾರೆ. ಆದರೆ ಹೊರಗಿನಿಂದ ಯಾರಾದರೂ ಬಂದರೆ ಅವರೇ ಕರೆದುಕೊಂಡು ಹೋಗಿ ಎರಡೂ ಕಾಳುಗಳನ್ನು ತೋರಿಸುತ್ತಾರೆ. ದೊಡ್ಡಮ್ಮ ಮಾತ್ರ ಬಾಬಾಸಾಹೇಬರಿಗೆ ಕೈಮುಗಿದು, ಟೋಪಾಸನನ್ನು ನೋಡಿ, "ಇವನ ಬೆನ್ನು ಸರಿ ಬರೆದಿದ್ದಾರೆ" ಅಂದರು. ಬೆನ್ನಿನ ವಿಷಯ ದೊಡ್ಡಮ್ಮನಿಗಿಂತ ಚೆನ್ನಾಗಿ ಗೊತ್ತಿರುವವರು ನಮ್ಮಲ್ಲಿ ಯಾರಿದ್ದಾರೆ?

ಇನ್ನು ಒಂದೇ ಒಂದು ತೊಡಕು ಉಳಿದಿತ್ತು. ಎಣ್ಣೆಬಣ್ಣ ಒಳಗಿನಿಂದ ಒಣಗಲಿಕ್ಕೆ ತಿಂಗಳುಗಟ್ಟಲೆ ಬೇಕು. ನಮ್ಮ ಕರಾವಳಿಯ ಹವೆಯಲ್ಲಿ ಇನ್ನೂ ನಿಧಾನ. ಮಳೆಗಾಲ ಕಳೆದ ಮೇಲೆ ಬಂದು ವಾರ್ನಿಶ್ ಹೊಡೆಯುತ್ತೇನೆ ಅಂತ ಆರ್ಟಿಸ್ಟರು ಹೇಳಿದ್ದರು. ಮಕ್ಕಳಿಗೋ ಕಾಳು ಹುಡುಕುವುದೇ ಆಟ. ಎಲ್ಲ ಬೆರಳೂ ಅಲ್ಲಿಗೇ. ಅದಕ್ಕೇ ಅವರು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಒಂದು ಬೋರ್ಡು ಹಾಕಿ. ಮುಟ್ಟಬೇಡಿ ಅಂತ."

ಹೇಳಿದ ಮೇಲೆ ಅವರಿಗೇ ತಿಳಿಯಿತು. ಸುಮ್ಮನಾದರು.

ನಮ್ಮ ಭವನದ ಗೋಡೆಯ ಮೇಲೆ ಆ ಪದ ಬರೆಯುವುದೇ? ಎಷ್ಟು ತಲೆಮಾರು ಬೇರೆಯವರ ಬಾವಿಯ, ದೇವಸ್ಥಾನದ, ಹೋಟೆಲಿನ ಎದುರು ಆ ಮಾತನ್ನು ಕೇಳಿಸಿಕೊಂಡು ನಿಂತವರು ನಾವು! ನಮ್ಮ ಮಕ್ಕಳಿಗೆ ನಾವೇ ಅದನ್ನು ಓದಲಿಕ್ಕೆ ಕಲಿಸುವುದೇ? ಪದ್ಯ ಬರೆಯುವವರು, ಭಾಷಣ ಮಾಡುವವರು ಎಲ್ಲ ಕೂತು ತಲೆ ಕೆರೆದುಕೊಂಡೆವು. ಧೂಳು ಹೊಡೆಯುವ ಗೆಳೆಯ ಒಂದು ರಟ್ಟು ತಂದು, ಸ್ಕೆಚ್ ಪೆನ್ನಿನಲ್ಲಿ ಬರೆದು, ಹಡಗಿನ ಕೆಳಗೆ ಅಂಟಿಸಿದ.

"ಬಣ್ಣ ಇನ್ನೂ ಹಸಿ ಉಂಟು."

ಮಕ್ಕಳು ಅದನ್ನು ಗಟ್ಟಿಯಾಗಿ ಓದುತ್ತಾರೆ. ಓದಿ, ಬೆರಳನ್ನು ಕಾಳಿನ ಹತ್ತಿರದವರೆಗೆ ತಂದು, ಅಲ್ಲೇ ಹಿಡಿದು ನಿಲ್ಲುತ್ತಾರೆ.